ಇಬ್ಬರು ಒಡೆಯರ ಹೊಣೆಗಲ್ಲು

ಓದುವವರು ಮೊದಲಿಗೆ ನನ್ನ ಅಕ್ಷರವನ್ನು ಮನ್ನಿಸಬೇಕು. ಶಾಲೆಯ ಮೆಟ್ಟಿಲನ್ನು ನಾನು ಹತ್ತಿದ್ದು ತಡವಾಗಿ, ಇಳಿದದ್ದು ಬೇಗ. ಸಾಲು ಹಿಡಿದು ಬರೆಯಲು ಹೊರಟರೆ ನನ್ನ ಅಕ್ಷರಗಳು ಕೊನೆ ಮುಟ್ಟುವಷ್ಟರಲ್ಲಿ ಕೆಳಗೆ ಜಾರಿರುತ್ತವೆ; ಯಾವ ಒತ್ತು ಎಲ್ಲಿ ಬರಬೇಕೆಂಬ ಅನುಮಾನ ಇಂದಿಗೂ ಹೋಗಿಲ್ಲ. ಪುರಾಣ ಓದಿಸಿ ಕೇಳುವ ಮನೆಯಲ್ಲಿ ಬೆಳೆದವಳಾದ್ದರಿಂದ ಬರೆಯುವಾಗ ಮಾತು ಸ್ವಲ್ಪ ಬಿಗಿಯಾಗಿ ಬರುತ್ತದೆ. ಅದು ಪಾಂಡಿತ್ಯವಲ್ಲ, ಬರವಣಿಗೆಗೆ ಬೇರೆ ಮಾತು ಉಂಟೆಂದು ನನಗೆ ಗೊತ್ತಿಲ್ಲ, ಅಷ್ಟೇ. ಜನರ ಎದುರು ಬಾಯಿ ತೆರೆಯಲು ನಾಚುತ್ತೇನೆ. ಕಾಗದ ನನ್ನ ಮುಖ ನೋಡುವುದಿಲ್ಲವಾದ್ದರಿಂದ ಇಲ್ಲಿ ತೆರೆದಿದ್ದೇನೆ. ಇದು ಯಾವ ಊರಿನ ಕಥೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಒಂದು ಕೆಂಪು ಗುಡ್ಡವಿತ್ತು. ಗುಡ್ಡದ ಕೆಳಗೆ ಒಂದು ಒರತೆ, ಒರತೆಯ ಸುತ್ತ ಒಂದು ಊರು. ಆ ಊರಿನವರನ್ನು ಎಲ್ಲರೂ ಗುಡ್ಡದವರು ಎನ್ನುತ್ತಿದ್ದರು. ಅವರು ತಮ್ಮನ್ನು ತಾವು ಏನೆಂದೂ ಕರೆದುಕೊಳ್ಳುತ್ತಿರಲಿಲ್ಲ, ಏಕೆಂದರೆ ಕರೆದುಕೊಳ್ಳುವ ಅಗತ್ಯ ಬಿದ್ದಿರಲಿಲ್ಲ.

ಆ ಗುಡ್ಡಕ್ಕೆ ಒಂದು ಕಟ್ಟಳೆಯಿತ್ತು. ಗುಡ್ಡದ ಚರ್ಮವನ್ನು ಯಾರು ಬಗೆಯುತ್ತಾರೋ, ಅವರು ಆ ಗುಂಡಿಯಿಂದ ಬಂದ ಮೊದಲ ಕಲ್ಲನ್ನು ತಲೆಯ ಮೇಲೆ ಹೊರಬೇಕು. ಗುಂಡಿಯ ಬಾಯಿಗೆ ಹುಲ್ಲು ಕೂಡಿಕೊಳ್ಳುವ ತನಕ ಹೊರಬೇಕು. ಅದಕ್ಕೆ ಹೊಣೆಗಲ್ಲು ಎಂದು ಹೆಸರು. ಗುಂಡಿ ಬೆಳೆದರೆ ಕಲ್ಲೂ ಬೆಳೆಯುತ್ತಿತ್ತು. ಹುಲ್ಲು ಮೂಡುವ ಮೊದಲೇ ಕಲ್ಲನ್ನು ನೆಲಕ್ಕಿಟ್ಟರೆ ಒರತೆಯ ನೀರು ಕೆಂಪಾಗುತ್ತಿತ್ತು. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ. ಬೆಂಕಿ ಸುಡುತ್ತದೆಂದು ಮಕ್ಕಳಿಗೆ ತಿಳಿಯುವಂತೆ ಅವರಿಗೆ ಇದು ತಿಳಿದಿತ್ತು.

ಗೋಡೆಗೆ ಬಳಿಯಲು ಕೆಮ್ಮಣ್ಣು ಬೇಕಾದ ಹೆಂಗಸು ಬೊಗಸೆಯಷ್ಟು ಅಗೆಯುತ್ತಿದ್ದಳು. ನೆಲ್ಲಿಕಾಯಿಯಷ್ಟು ಕಲ್ಲು ಹೊತ್ತು ಮಳೆಗಾಲ ಕಳೆಯುತ್ತಿದ್ದಳು. ಕಲ್ಲು ಹೊತ್ತೇ ರೊಟ್ಟಿ ಬಡಿಯುತ್ತಿದ್ದಳು, ಕಲ್ಲು ಹೊತ್ತೇ ನೆರೆಯವಳೊಡನೆ ಜಗಳವಾಡುತ್ತಿದ್ದಳು, ರಾತ್ರಿ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು. ಒಮ್ಮೆ ಒಬ್ಬ ಗಂಡಸು ದೊಡ್ಡ ಕೊಟ್ಟಿಗೆ ಕಟ್ಟುವ ಆಸೆಯಿಂದ ಆಳವಾಗಿ ಅಗೆದ. ಅವನ ಕತ್ತು ಹೆಗಲಿನೊಳಗೆ ಇಳಿದುಹೋಯಿತು. ಜನ ನಗಲಿಲ್ಲ, ಮಜ್ಜಿಗೆ ಕೊಟ್ಟರು. ಕೊಟ್ಟಿಗೆಯನ್ನು ಅವನು ಸಣ್ಣದಾಗಿಯೇ ಕಟ್ಟಿದ. ಆ ಊರಿನಲ್ಲಿ ದುರಾಸೆಯ ವಿರುದ್ಧ ಯಾರೂ ಉಪದೇಶ ಮಾಡುತ್ತಿರಲಿಲ್ಲ. ಉಪದೇಶದ ಕೆಲಸವನ್ನು ಕತ್ತು ಮಾಡುತ್ತಿತ್ತು.

ಅಗೆದವರು ಮುದುಕರೋ ರೋಗಿಗಳೋ ಆದರೆ ಬೇರೆಯವರು ಹೊರಬಹುದಾಗಿತ್ತು. ಆದರೆ ಯಾರ ತಲೆಗೂ ಯಾರೂ ಕಲ್ಲನ್ನು ಇಡುವಂತಿರಲಿಲ್ಲ. ಹೊರುವವರು ತಾವಾಗಿ ಮುಂದೆ ಬಂದು, "ನನ್ನ ತಲೆಗೆ ಬರಲಿ" ಎನ್ನಬೇಕು. ಹೊತ್ತವರು ಕೈ ಬಿಡಬೇಕು. ಆಗ ಕಲ್ಲು ತಾನಾಗಿ ಬರುತ್ತಿತ್ತು.

ತಲೆಗೂ ಕಲ್ಲಿಗೂ ನಡುವೆ ಸಿಂಬಿ ಬೇಕಲ್ಲ. ಹುಲ್ಲನ್ನು ಬಳೆಯಂತೆ ಸುತ್ತಿ ಸಿಂಬಿ ಹೆಣೆಯುವವಳು ಒಬ್ಬಳಿದ್ದಳು. ಗಂಡ ತೀರಿದವಳು, ನಾಲಿಗೆ ಚುರುಕಿನವಳು. ಅವಳಿಗೆ ಒಬ್ಬಳೇ ಮಗಳು.

ಗುಡ್ಡದವರಿಗೆ ಇನ್ನೊಂದು ನಡವಳಿಕೆಯಿತ್ತು. ಅತಿಥಿ ಏನನ್ನು ಕೇಳಿದರೂ ಮೊದಲ ಸಲ, "ನಿಮ್ಮದೇ ಅಂದ್ಕೊಳ್ಳಿ" ಎನ್ನಬೇಕು. ಹಸುವನ್ನು ಕೇಳಿದರೂ ಹಾಗೆಯೇ, ಹಸುವಿನ ಕರುವನ್ನು ಕೇಳಿದರೂ ಹಾಗೆಯೇ. ಅತಿಥಿ ಆಗ ನೀರು ಕುಡಿದು, ಬಾಯಿ ಒರೆಸಿಕೊಂಡು, "ಈಗ ನಿಜ ಹೇಳಿ" ಎಂದು ಎರಡನೆಯ ಸಲ ಕೇಳಬೇಕು. ಆಗ ಮನೆಯವರು, "ಹಸುವಿನ ಹಾಲು ಕೂಸಿಗೆ ಬೇಕು, ಕೋಳಿ ಕೇಳಿದ್ರೆ ಕೊಟ್ಟೇವು" ಎನ್ನುವರು. ಮೊದಲ ಉತ್ತರ ಮರ್ಯಾದೆಯದು, ಎರಡನೆಯದು ಮನಸ್ಸಿನದು. ಮೊದಲ ಉತ್ತರವನ್ನೇ ಹಿಡಿದು ಹಸುವನ್ನು ಹೊಡೆದುಕೊಂಡು ಹೋದವರು ಯಾರೂ ಇರಲಿಲ್ಲ. ಹಾಗೆಯೂ ಒಬ್ಬರು ಮಾಡಿಯಾರು ಎಂಬುದು ಅವರ ಕನಸಿನಲ್ಲೂ ಬಂದಿರಲಿಲ್ಲ.

ಹೀಗಿರುವಾಗ ಒಂದು ಪಲ್ಲಕ್ಕಿ ಬಂದಿತು. ಅದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರು ಒಡೆಯರು ಕುಳಿತಿದ್ದರು. ಒಬ್ಬ ಕಡಲಾಚೆಯ ಒಡೆಯ, ಒಬ್ಬ ಕಡಲೀಚೆಯ ಒಡೆಯ. ಅಗೆಯುವ ಹಾರೆ ಆಚೆಯವನದು, ಅಗೆಯುವ ಅಪ್ಪಣೆ ಈಚೆಯವನದು. ಇಬ್ಬರೂ ಕೂಡಿ ಒಂದು ಕಂಪನಿ ಕಟ್ಟಿದ್ದರು, ಅದಕ್ಕೆ ಕೂಡುಕಂಪನಿ ಎಂದು ಹೆಸರಿಟ್ಟಿದ್ದರು. ಅವರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಹೊಗಳಿದರೆ ಇಬ್ಬರೂ ಒಟ್ಟಿಗೆ "ನಾವು" ಎನ್ನುತ್ತಿದ್ದರು. ಯಾರಾದರೂ ಪ್ರಶ್ನೆ ಕೇಳಿದರೆ ಇಬ್ಬರೂ ಒಟ್ಟಿಗೆ "ಅವರು" ಎನ್ನುತ್ತಿದ್ದರು.

ಪಲ್ಲಕ್ಕಿಯ ಮುಂದೆ ನಗುತ್ತಾ ಒಬ್ಬ ನಡೆದು ಬಂದ. ಅವನು ಹೊಣೆಯ ಅಧಿಕಾರಿ. ಹಾರೆ ನೆಲಕ್ಕೆ ತಾಗುವ ಮೊದಲು ನಗುವುದು, ತಾಗಿದ ಮೇಲೆ ಇನ್ನೂ ಚೆನ್ನಾಗಿ ನಗುವುದು ಅವನ ಉದ್ಯೋಗ.

ಅಧಿಕಾರಿಯು ಒರತೆಯ ಬಳಿ ಕುರ್ಚಿಗಳನ್ನು ಹಾಕಿಸಿದ. ಗುಡ್ಡದವರು ನೆಲದ ಮೇಲೆ ಕುಳಿತರು, ಗುಡ್ಡದ ಹಿರಿಯ ತನ್ನ ಚಾಪೆಯ ಮೇಲೆ ಕುಳಿತ. ಒಡೆಯರಿಗೆ ಹೂವಿನ ಹಾರ ಬಿತ್ತು. ಹಿರಿಯನಿಗೂ ಒಂದು ಬಿತ್ತು, ಅದು ಅವನ ಮೂಗಿನ ತನಕ ಬಂದಿತು.

"ತಾತ, ನಿಮ್ಮ ಗುಡ್ಡವನ್ನು ತೆರೆಯಬಹುದೇ?" ಎಂದು ಅಧಿಕಾರಿ ಕೇಳಿದ.

"ನಿಮ್ಮದೇ ಅಂದ್ಕೊಳ್ಳಿ," ಎಂದ ಹಿರಿಯ, ಹಾರವನ್ನು ಬಾಯಿಂದ ಸರಿಸುತ್ತಾ.

ಒಡೆಯರು ಚಪ್ಪಾಳೆ ತಟ್ಟಿದರು. ಹಿರಿಯ ನೀರಿನ ತಂಬಿಗೆಯನ್ನು ಮುಂದಕ್ಕೆ ತಳ್ಳಿ, ಎರಡನೆಯ ಪ್ರಶ್ನೆಗಾಗಿ ಕಾದ. ಅಷ್ಟರಲ್ಲಿ ಆಳುಗಳು ಕುರ್ಚಿಗಳನ್ನು ಮಡಿಸತೊಡಗಿದ್ದರು.

"ನಿಲ್ಲಿ ಸ್ವಾಮಿ. ನೀವಿನ್ನೂ ಕೇಳೇ ಇಲ್ಲ," ಎಂದ ಹಿರಿಯ.

"ಕೇಳಿದೆವಲ್ಲ ತಾತ. ಎಷ್ಟು ಮುದ್ದಾಗಿ ಹೇಳಿದಿರಿ," ಎಂದ ಅಧಿಕಾರಿ. "ಇಷ್ಟು ಸಲೀಸಾಗಿ ಒಪ್ಪಿದ ಜನರನ್ನು ನಾವು ಎಲ್ಲಿಯೂ ಕಂಡಿಲ್ಲ."

"ನೀರನ್ನಾದ್ರೂ ಕುಡೀರಿ."

"ನಮ್ಮ ನೀರನ್ನು ನಾವೇ ತಂದಿದ್ದೇವೆ."

ಪಲ್ಲಕ್ಕಿ ಗುಡ್ಡ ಹತ್ತಿತು. ಸಿಂಬಿ ಹೆಣೆಯುವವಳು ಹಿರಿಯನ ಬಳಿಗೆ ಬಂದು, "ಮಾವ, ಓಡಿಹೋಗಿ ಇಲ್ಲ ಅನ್ನು," ಎಂದಳು.

"ಕೇಳದೇ ಇರೋ ಪ್ರಶ್ನೆಗೆ ಉತ್ತರ ಹೇಳೋಕಾಯ್ತದಾ? ಅತಿಥಿಗಳು. ದಣಿದವ್ರೆ. ಸಂಜೆಗೆ ಬಂದು ಕೇಳ್ತಾರೆ ಬಿಡು."

ಸಂಜೆಗೆ ಅವರು ಬರಲಿಲ್ಲ. ಮರುದಿನದಿಂದ ಹಿರಿಯ ದಿನವೂ ತಂಬಿಗೆಯಲ್ಲಿ ಹೊಸ ನೀರು ತುಂಬಿಕೊಂಡು ಅದೇ ಚಾಪೆಯ ಮೇಲೆ ಕುಳಿತು ಎರಡನೆಯ ಪ್ರಶ್ನೆಗಾಗಿ ಕಾಯತೊಡಗಿದ.

ಹಾರೆ ನೆಲಕ್ಕೆ ತಾಗಿತು. ಮೊದಲ ಕಲ್ಲು ಬಂದಿತು. ಕುಂಬಳಕಾಯಿಯಷ್ಟಿತ್ತು, ಕೆಂಪಗಿತ್ತು, ಹಸಿಯಾಗಿತ್ತು. ಗುಡ್ಡದವರೆಲ್ಲ ಸುತ್ತ ನಿಂತು, ಈಗ ಒಡೆಯರು ಹೊರುತ್ತಾರೆ ಎಂದು ನೋಡುತ್ತಿದ್ದರು. ಸಿಂಬಿ ಹೆಣೆಯುವವಳು ಪದ್ಧತಿಯಂತೆ ಹೊಸ ಸಿಂಬಿಯೊಂದನ್ನು ತಂದು ಮುಂದೆ ಹಿಡಿದಳು.

"ಬಹಳ ಸುಂದರವಾದ ಸಂಪ್ರದಾಯ," ಎಂದ ಕಡಲಾಚೆಯ ಒಡೆಯ. "ಇದನ್ನು ನಾವು ಗೌರವಿಸುತ್ತೇವೆ. ಆದರೆ ನಮ್ಮ ಒಪ್ಪಂದದ ಪ್ರಕಾರ ಊರಿನ ಕಲ್ಲುಗಳೆಲ್ಲ ಕಡಲೀಚೆಯ ಪಾಲುದಾರರಿಗೆ ಸೇರುತ್ತವೆ."

"ಹಾರೆ ಯಾರದೋ ಕಲ್ಲು ಅವರದು," ಎಂದ ಕಡಲೀಚೆಯ ಒಡೆಯ. "ನಾವು ಅಪ್ಪಣೆ ಕೊಟ್ಟವರು. ಅಪ್ಪಣೆಯಿಂದ ಗುಂಡಿ ಬೀಳುವುದಿಲ್ಲ."

"ಹಂಚಿಕೊಳ್ಳಬಹುದಲ್ಲ," ಎಂದ ಅಧಿಕಾರಿ.

ಒಡೆಯರು ಪಕ್ಕಪಕ್ಕದಲ್ಲಿ ನಿಂತರು. ಅರ್ಧ ಕಲ್ಲು ಇವನ ತಲೆಗೆ, ಅರ್ಧ ಕಲ್ಲು ಅವನ ತಲೆಗೆ ಎಂದು ಆಳುಗಳು ಎತ್ತಿ ಹಿಡಿದರು. ಕಲ್ಲು ಇಳಿಯುತ್ತಿದ್ದಂತೆ ಇವನು ಸೌಜನ್ಯದಿಂದ ಎಡಕ್ಕೆ ಸರಿದ, ಅವನು ಸೌಜನ್ಯದಿಂದ ಬಲಕ್ಕೆ ಸರಿದ. ಕಲ್ಲು ನಡುವೆ ಬಿದ್ದಿತು. ಮತ್ತೆ ಎತ್ತಿದರು, ಮತ್ತೆ ಸರಿದರು, ಮತ್ತೆ ಬಿದ್ದಿತು. ಅಧಿಕಾರಿ, "ಪಾಲುದಾರಿಕೆ ಎಂದರೆ ಹೀಗಿರಬೇಕು," ಎಂದು ಹೇಳಿ ಎಲ್ಲರಿಗೂ ಸಕ್ಕರೆ ಹಂಚಿಸಿದ.

ಕಲ್ಲು ನೆಲದ ಮೇಲಿತ್ತು. ಕೆಳಗೆ ಒರತೆಯಲ್ಲಿ ಒಂದು ಕೆಂಪು ಎಳೆ ಕಾಣಿಸಿತು.

ಆಗ ಅಧಿಕಾರಿಯು ಒಂದು ಎತ್ತರದ ಬಂಡೆಯ ಮೇಲೆ ನಿಂತು ಘೋಷಿಸಿದ: "ಹೊಣೆ ಹೊರುವ ಕೆಲಸಕ್ಕೆ ಒಂದು ತಲೆ ಬೇಕಾಗಿದೆ. ಗುಡ್ಡದವರಿಗೆ ಮೊದಲ ಆದ್ಯತೆ. ಹೊರಗಿನವರನ್ನು ತಂದು ನಿಮ್ಮ ಅವಕಾಶವನ್ನು ಕಿತ್ತುಕೊಳ್ಳುವಷ್ಟು ಕ್ರೂರಿಗಳು ನಾವಲ್ಲ."

ಯಾರೂ ಅಲುಗಾಡಲಿಲ್ಲ. ಒರತೆಯ ಎಳೆ ದಾರವಾಯಿತು, ದಾರ ಹಗ್ಗವಾಯಿತು. ಬಾಣಂತಿಯೊಬ್ಬಳು ಕೊಡ ತುಂಬಲು ಬಂದವಳು ಖಾಲಿ ಕೊಡ ಹಿಡಿದು ನಿಂತುಕೊಂಡಳು. ಸಿಂಬಿ ಹೆಣೆಯುವವಳ ಮಗಳು ಆ ಕೊಡವನ್ನು ನೋಡಿದಳು, ಕಲ್ಲನ್ನು ನೋಡಿದಳು, ಮುಂದೆ ಬಂದಳು.

"ನನ್ನ ತಲೆಗೆ ಬರಲಿ," ಎಂದಳು.

ಕಲ್ಲು ತಾನಾಗಿ ಅವಳ ತಲೆಗೆ ಬಂದಿತು. ಒರತೆ ತಿಳಿಯಾಯಿತು. ಬಾಣಂತಿ ಕೊಡ ತುಂಬಿಕೊಂಡಳು.

ತಾಯಿ ಓಡಿಬಂದಳು. "ಯಾರು ಅಗೆದ ಗುಂಡಿ ಅದು? ನಿಮ್ಮಪ್ಪ ಅಗೆದನಾ, ನಿಮ್ಮಜ್ಜ ಅಗೆದನಾ? ಇಳಿಸು. ನನ್ನ ತಲೆಗೆ ಬರಲಿ."

ಮಗಳು ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಬಿಡಲ್ಲ ಕಣವ್ವ. ನಿನ್ನ ಕತ್ತು ಸಿಂಬಿ ಹೊರೋಕೂ ಆಗದಷ್ಟು ಸೋತೈತೆ."

"ನನ್ನ ಕತ್ತಿನ ಸುದ್ದಿ ನಿನಗ್ಯಾಕೆ? ನಿನ್ನ ಹೆತ್ತಾಗ ಗಟ್ಟಿಯಾಗೇ ಇತ್ತು."

"ಆಗ ನಾನು ಇಷ್ಟು ಮೊಂಡಿ ಇರಲಿಲ್ಲ."

"ಹುಟ್ಟೋಕೆ ಮುಂಚೆಯಿಂದ್ಲೂ ಇದ್ದೆ," ಎಂದು ತಾಯಿ ಹೇಳಿದಳು. ಹೇಳುತ್ತಲೇ ಸಿಂಬಿಯನ್ನು ಕಲ್ಲಿನ ಕೆಳಗೆ ತೂರಿಸಿ ಸರಿಪಡಿಸಿದಳು.

ಅಂದಿನಿಂದ ಗುಂಡಿ ಬೆಳೆಯಿತು. ಗುಂಡಿ ಬೆಳೆಯಿತು, ಕಲ್ಲು ಬೆಳೆಯಿತು, ತಾಯಿ ಸಿಂಬಿ ಹೆಣೆದಳು. ಗುಡ್ಡದಿಂದ ಕೆಂಪು ಗಾಡಿಗಳು ಸಾಲಾಗಿ ಇಳಿದು ಕಡಲಿನ ಕಡೆಗೆ ಹೋದವು. ಕಲ್ಲು ಗಡಿಗೆಯಷ್ಟಾಯಿತು, ಗುಡಾಣದಷ್ಟಾಯಿತು, ಮಲಗಿದ ಎಮ್ಮೆಯಷ್ಟಾಯಿತು. ಮಗಳು ಬಾಗಿಲಿನಿಂದ ಒಳಗೆ ಬರಲಾರದೆ ಹೋದಳು. ತಾಯಿ ಅವಳಿಗೆ ಅಂಗಳದಲ್ಲಿ ಉಣಿಸಿದಳು. ಮತ್ತೆ ಗುಂಡಿ ಬೆಳೆಯಿತು, ಕಲ್ಲು ಬೆಳೆಯಿತು, ತಾಯಿ ಸಿಂಬಿ ಹೆಣೆದಳು. ಹುಲ್ಲು ಸಾಲದೆ ತನ್ನ ಹಳೆಯ ಸೀರೆಗಳನ್ನು ಸುತ್ತಿದಳು.

ಕಂಪನಿಯವರು ಕೈಕಟ್ಟಿ ಕೂರಲಿಲ್ಲ. ಮಗಳಿಗೆ ಹಳದಿ ಸೀರೆ ಕೊಟ್ಟರು. ಕಲ್ಲಿಗೆ ಹೂವಿನ ಹಾರ ಹಾಕಿದರು. ಹಾರದ ಭಾರವೂ ಅವಳದೇ ಆಯಿತು. ಗುಂಡಿಯ ಅಂಚಿಗೆ ಹಸಿರು ಬಟ್ಟೆ ಹಾಸಿ, ನೋಡಲು ಬಂದವರಿಗೆ ದೂರದಿಂದ ಹುಲ್ಲು ಎಂದು ತೋರಿಸಿದರು. ನೋಡಲು ಬಂದವರು ನಂಬಿದರು, ಕಲ್ಲು ನಂಬಲಿಲ್ಲ.

ಮಗಳು ಮೊದಲ ದಿನ ಹೇಳಿದ "ನನ್ನ ತಲೆಗೆ ಬರಲಿ" ಎಂಬ ಮಾತು ಅಧಿಕಾರಿಗೆ ಬಹಳ ಹಿಡಿಸಿತ್ತು. ಅದು ಗುಡ್ಡದವರ ಮಂಗಳವಾಕ್ಯವೆಂದು ಅವನು ಭಾವಿಸಿದ. ಅದನ್ನು ಕಂಪನಿಯ ಗೋಡೆಗಳ ಮೇಲೆ ಬರೆಸಿದ, ಗಾಡಿಗಳ ಮೇಲೆ ಬರೆಸಿದ, ಒಡೆಯರ ಟೋಪಿಗಳ ಮೇಲೆ ಬಂಗಾರದ ದಾರದಲ್ಲಿ ಹೊಲಿಸಿದ. ಟೋಪಿಗಳು ಬಹಳ ಹಗುರವಾಗಿದ್ದವು.

ಯಾರಾದರೂ ಅತಿಥಿಗಳು ಬಂದಾಗ ಅಧಿಕಾರಿಯು ಮಗಳನ್ನು ಕರೆಸಿ, "ಭಾರವೇನಮ್ಮಾ?" ಎಂದು ಕೇಳುತ್ತಿದ್ದ.

ಮೊದಲ ಪ್ರಶ್ನೆಗೆ ಮೊದಲ ಉತ್ತರ ತಾನೇ ಕೊಡಬೇಕಾದದ್ದು. "ಇಲ್ಲ ಸ್ವಾಮಿ, ಹೂವಿನಂಗೈತೆ," ಎನ್ನುತ್ತಿದ್ದಳು, ಮತ್ತು ಕಾಯುತ್ತಿದ್ದಳು.

ಅತಿಥಿಗಳು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಮನೆಯಂಗಳದಲ್ಲಿ ತಾಯಿ ಎರಡನೆಯ ಸಲ ಕೇಳುತ್ತಿದ್ದಳು.

"ಭಾರವೇನೇ?"

"ಭಾರ ಕಣವ್ವ. ಬೆಳಿಗ್ಗೆ ಎದ್ದಾಗ ಕಣ್ಣು ಕತ್ತಲೆ ಕಟ್ಟುತ್ತೆ. ಒಳಗೆ ಏನೋ ಮುರಿಯೋ ಹಂಗೆ ಸದ್ದಾಗ್ತೈತೆ."

"ಇಳಿಸಿಬಿಡು."

"ಆ ಬಾಣಂತಿ ಏನು ಕುಡೀತಾಳೆ? ಊರು ಏನು ಕುಡೀತೈತೆ?"

ತಾಯಿ ಮತ್ತೊಂದು ಸೀರೆಯನ್ನು ಹರಿಯುತ್ತಿದ್ದಳು.

ಕೊನೆಗೆ ತಾಯಿ ಒಡೆಯರ ಮನೆಗೇ ಹೋದಳು. ಅದು ಎರಡು ಬಾಗಿಲುಗಳ ಒಂದೇ ಕೋಣೆ. ಒಂದು ಬಾಗಿಲಿಗೆ ಎದುರಾಗಿ ಕಡಲಾಚೆಯ ಒಡೆಯ ಕುಳಿತಿದ್ದ, ಇನ್ನೊಂದಕ್ಕೆ ಎದುರಾಗಿ ಕಡಲೀಚೆಯವನು, ಇಬ್ಬರ ಬೆನ್ನುಗಳೂ ಒಂದಕ್ಕೊಂದು ತಾಗಿದ್ದವು.

"ಸ್ವಾಮಿ, ನನ್ನ ಮಗಳ ಕತ್ತು ಮುರೀತೈತೆ. ನಿಮ್ಮ ಕಲ್ಲು ನೀವು ತಗೊಳ್ಳಿ," ಎಂದಳು ಮೊದಲ ಬಾಗಿಲಿನಲ್ಲಿ.

"ತುಂಬ ನೋವಾಯಿತು ತಾಯಿ. ಕತ್ತುಗಳನ್ನು ನೋಡಿಕೊಳ್ಳುವವರು ಅವರು. ಆ ಬಾಗಿಲಿಗೆ ಹೋಗಿ."

ಅವಳು ಹೊರಗೆ ಬಂದು, ಗೋಡೆ ಸುತ್ತಿಕೊಂಡು, ಆ ಬಾಗಿಲಿಗೆ ಹೋದಳು.

"ತುಂಬ ನೋವಾಯಿತು ತಾಯಿ. ಕಲ್ಲುಗಳನ್ನು ನೋಡಿಕೊಳ್ಳುವವರು ಅವರು. ಆ ಬಾಗಿಲಿಗೆ ಹೋಗಿ."

"ಅವರು ನಿಮ್ಮ ಬೆನ್ನಿಗೇ ಕೂತವ್ರಲ್ಲ ಸ್ವಾಮಿ. ಸ್ವಲ್ಪ ತಿರುಗಿ ನೀವೇ ಹೇಳಿ."

"ತಿರುಗಿ ನೋಡುವ ಅಭ್ಯಾಸ ನಮ್ಮಲ್ಲಿಲ್ಲ," ಎಂದ ಒಡೆಯ, ಬಹಳ ವಿನಯದಿಂದ.

ತಾಯಿ ಆ ಮನೆಯನ್ನು ಸುತ್ತಿ ಸುತ್ತಿ ಅಂಗಳದಲ್ಲಿ ಒಂದು ಕಾಲುದಾರಿಯೇ ಬಿದ್ದಿತು. ಅಧಿಕಾರಿ ಅದನ್ನು ಕಂಡು, ಗುಡ್ಡದವರು ನಮ್ಮ ಮನೆಗೆ ಎಷ್ಟು ಪ್ರೀತಿಯಿಂದ ಪ್ರದಕ್ಷಿಣೆ ಹಾಕುತ್ತಾರೆ ಎಂದು ಅತಿಥಿಗಳಿಗೆ ತೋರಿಸಿದ.

ಅಲ್ಲಿಂದ ಅವಳು ಹಿರಿಯನ ಚಾಪೆಯ ಬಳಿಗೆ ಬಂದಳು. ಅವನು ತಂಬಿಗೆ ಮುಂದಿಟ್ಟುಕೊಂಡು ಕುಳಿತೇ ಇದ್ದ.

"ಇನ್ನೂ ಬರಲಿಲ್ಲವಾ ಮಾವ ನಿನ್ನ ಅತಿಥಿಗಳು?"

"ಬರ್ತಾರೆ. ದೊಡ್ಡವರು. ಕೆಲಸ ಇರ್ತೈತೆ."

"ನಿನ್ನ ಮರ್ಯಾದೆ ನೀನು ಕೂತ ಚಾಪೆ ಮೇಲೆ ಇದ್ದಿದ್ರೆ ನಾನೂ ಸುಮ್ನಿರ್ತಿದ್ದೆ. ಅದು ನನ್ನ ಮಗಳ ಕತ್ತಿನ ಮೇಲೆ ಕೂತೈತೆ."

"ಹಂಗಂತ ಅತಿಥೀನ ಬೈಯೋಕಾಯ್ತದಾ? ಗುಡ್ಡದವರು ಬಾಯಿ ಕೆಟ್ಟೋರು ಅನ್ನಿಸ್ಕೋಬೇಕಾ?"

"ಬಾಯಿ ಒಳ್ಳೇದಾಗಿ ಕತ್ತು ಮುರ್ಕೊಂಡೋರು ಅನ್ನಿಸ್ಕೋ ಹಂಗಾರೆ," ಎಂದು ಹೇಳಿ ಅವಳು ಹೋದಳು. ಹಿರಿಯ ತಂಬಿಗೆಯ ನೀರನ್ನು ಚೆಲ್ಲಿ ಹೊಸ ನೀರು ತುಂಬಿದ.

ಕೆಲವು ಕಾಲದ ನಂತರ ದೂರದೇಶದಿಂದ ಮೆಚ್ಚುವವರು ಬಂದರು. ಮೆಚ್ಚುವುದೇ ಅವರ ಕಸುಬು. ಲೋಕದಲ್ಲಿ ಎಲ್ಲೆಲ್ಲಿ ನೆಲವನ್ನು ಅಗೆಯುತ್ತಾರೋ ಅಲ್ಲಿಗೆಲ್ಲ ಹೋಗಿ, ಯಾರು ಅತ್ಯಂತ ಹೊಣೆಯಿಂದ ಅಗೆದರು, ಯಾರು ಆ ನೆಲದ ಜನರೊಡನೆ ಅತ್ಯಂತ ಸಿಹಿಯಾಗಿ ನಡೆದುಕೊಂಡರು ಎಂದು ನೋಡಿ ಪದಕ ಕೊಡುತ್ತಿದ್ದರು. ಅವರಿಗೆ ಬಿಳಿ ಬಟ್ಟೆ, ಬಿಳಿ ಪಾದರಕ್ಷೆ. ಗಾಡಿಗಳು ಇಳಿಯುವ ದಾರಿಯಲ್ಲಿ, ಎರಡು ಹೆಬ್ಬಂಡೆಗಳ ನಡುವೆ ಇದ್ದ ಕಣಿವೆಯ ಬಾಯಲ್ಲಿ ಸಭೆ ಏರ್ಪಾಡಾಯಿತು. ಗುಡ್ಡದವರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನಡುವೆ ಮಗಳು ನಿಂತಿದ್ದಳು. ಕಲ್ಲು ಈಗ ಒಂದು ಮನೆಯಷ್ಟಿತ್ತು. ಅದರ ನೆರಳಿನಲ್ಲಿ ಅವಳು ಎಲ್ಲಿದ್ದಾಳೆಂದು ಹುಡುಕಬೇಕಾಗಿತ್ತು.

ಒಡೆಯರು ಎದ್ದು ನಿಂತರು. ಟೋಪಿ ಸರಿಪಡಿಸಿಕೊಂಡರು. ಎದೆಯ ಮೇಲೆ ಕೈಯಿಟ್ಟು, ಅಧಿಕಾರಿ ಕಲಿಸಿದಂತೆ, ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು:

"ನನ್ನ ತಲೆಗೆ ಬರಲಿ."

ತಾಯಿ ಮುಂದಕ್ಕೆ ಬಾಗಿದಳು. ಮಗಳು ಇಷ್ಟು ಕಾಲ ಹಿಡಿದಿದ್ದ ಕಲ್ಲಿನಿಂದ ಮೆಲ್ಲಗೆ ಎರಡೂ ಕೈಗಳನ್ನು ಬಿಟ್ಟಳು.

ಕಲ್ಲು ಅಲುಗಲಿಲ್ಲ. ಹೇಳುವಾಗ ಇವನು ಅವನ ತಲೆಯನ್ನು ನೆನೆದಿದ್ದ, ಅವನು ಇವನ ತಲೆಯನ್ನು ನೆನೆದಿದ್ದ.

ಮೆಚ್ಚುವವರು ಮೆಚ್ಚಿದರು. ಪದಕವನ್ನು ತಂದರು. ಪದಕ ಹಾಕಲು ಮಗಳ ಕೊರಳು ಕಾಣಿಸದ್ದರಿಂದ ಅದನ್ನು ಕಲ್ಲಿಗೇ ಮೊಳೆ ಹೊಡೆದು ತೂಗುಹಾಕಿದರು. ಪ್ರತಿ ಪೆಟ್ಟಿಗೂ ಮಗಳ ಮೊಣಕಾಲು ಬಾಗಿತು.

ಅಧಿಕಾರಿ ಮುಂದೆ ಬಂದ. "ಈ ಮಧುರ ಸಂಬಂಧದ ನೆನಪಿಗಾಗಿ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಎರಡನೆಯ ಗುಂಡಿಯನ್ನು ನಾಳೆ ತೆರೆಯುತ್ತೇವೆ. ಅದರ ಕಲ್ಲಿಗೆ ಹೊಸಬರನ್ನು ಹುಡುಕುವುದಿಲ್ಲ. ಅನುಭವಕ್ಕೆ ಬೆಲೆ ಕೊಡುವವರು ನಾವು. ಅದೂ ಈ ತಂಗಿಗೇ." ನಂತರ ಬಾಗಿ, ಕಲ್ಲಿನ ನೆರಳಿನೊಳಗೆ ಇಣುಕಿ, "ಭಾರವೇನಮ್ಮಾ?" ಎಂದ.

"ಇಲ್ಲ ಸ್ವಾಮಿ, ಹೂವಿನಂಗೈತೆ."

ಚಪ್ಪಾಳೆ ಬಿದ್ದಿತು. ಚಪ್ಪಾಳೆ ಮುಗಿಯುವ ಮೊದಲೇ ತಾಯಿ ಸಾಲು ಬಿಟ್ಟು ನಡುವೆ ಬಂದು ನಿಂತಳು.

"ಈಗ ನಿಜ ಹೇಳು ಮಗಳೇ," ಎಂದಳು. "ಭಾರವೇನೇ?"

ಗುಡ್ಡದವರು ಬೆಚ್ಚಿದರು. ಅತಿಥಿಗಳ ಎದುರು ಅತಿಥಿಯ ಪ್ರಶ್ನೆಯನ್ನು ಮನೆಯವಳೇ ಕೇಳಿದ್ದು ಆ ಊರಿನಲ್ಲಿ ಅದೇ ಮೊದಲು.

"ಭಾರ," ಎಂದಳು ಮಗಳು. "ನಾಳೆ ಎರಡನೇದು ಬಂದ್ರೆ ನಾನಿರಲ್ಲ."

"ಇಳಿಸು."

"ನೀರು ಕೆಂಪಾಗ್ತೈತೆ ಕಣವ್ವ."

"ಆಗಲಿ. ಗುಡ್ಡ ದಾಟಿ ಆಚೆ ಹಳ್ಳದಿಂದ ಹೊತ್ತು ತರ್ತೀನಿ. ನೀರು ಹೊತ್ತು ತರಬೌದು. ನಿನ್ನ ಎಲ್ಲಿಂದ ಹೊತ್ತು ತರ್ಲಿ?"

ಮಗಳು ಬಾಣಂತಿಯನ್ನು ಹುಡುಕಿದಳು. ಬಾಣಂತಿಯ ಕೂಸು ಈಗ ನಡೆಯುತ್ತಿತ್ತು. ಹೆತ್ತವಳ ಸೆರಗು ಹಿಡಿದು ನಿಂತಿತ್ತು. "ಇಳಿಸಕ್ಕ," ಎಂದಳು ಆ ಹೆಂಗಸು. "ನಿನ್ನ ಕತ್ತನ್ನ ಹಿಂಡಿದ ನೀರು ಕುಡ್ದು ಸಾಕಾಗೈತೆ. ನಾನೂ ಹಳ್ಳಕ್ಕೆ ಹೋಗ್ತೀನಿ."

ಅಧಿಕಾರಿಯು ಹಿರಿಯನ ಕಡೆಗೆ ತಿರುಗಿ, "ತಾತ, ನೀವೇ ಬುದ್ಧಿ ಹೇಳಿ. ಅತಿಥಿಗಳಿದ್ದಾರೆ," ಎಂದ.

ಹಿರಿಯ ಸಾಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅವನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಬಂದಿರಲಿಲ್ಲ.

"ಎರಡನೇ ಸಲ ಕೇಳದೋರು ಅತಿಥಿಗಳಲ್ಲ ಸ್ವಾಮಿ," ಎಂದ. "ಇದು ನನಗೆ ಗೊತ್ತಾಗೋಕೆ ತಡ ಆಯ್ತು. ಇಳಿಸು ಮಗಾ."

ಮಗಳು ಮೊಣಕಾಲೂರಿ, ಕತ್ತು ಬಾಗಿಸಿ, ಹಿಂದಕ್ಕೆ ಸರಿದಳು.

ಕಲ್ಲು ನೆಲಕ್ಕೆ ಬಿದ್ದಿತು. ನೆಲ ಒಮ್ಮೆ ಉಸಿರೆಳೆದುಕೊಂಡಂತೆ ಅಲುಗಿತು. ಕೆಂಪು ಧೂಳು ಎದ್ದು ಮೆಚ್ಚುವವರ ಬಿಳಿ ಬಟ್ಟೆಯ ಮೇಲೆ ಕುಳಿತಿತು. ಧೂಳು ಇಳಿದಾಗ ನೋಡಿದರೆ, ಎರಡು ಹೆಬ್ಬಂಡೆಗಳ ನಡುವಿನ ಕಣಿವೆಯ ಬಾಯಿಯನ್ನು ಕಲ್ಲು ಬಾಟಲಿಯ ಬಿರಡೆಯಂತೆ ಮುಚ್ಚಿತ್ತು. ಗಾಡಿಗಳು ಆ ಕಡೆ ಉಳಿದವು, ಕಡಲು ಈ ಕಡೆ ಉಳಿಯಿತು.

ಒಡೆಯರು ಕಲ್ಲಿನ ಮುಂದೆ ನಿಂತರು. ಸುಣ್ಣದ ಗೆರೆಯೆಳೆದು ಅದನ್ನು ಎರಡು ಪಾಲು ಮಾಡಿದರು. ನಿಮ್ಮ ಪಾಲು ದೊಡ್ಡದು ಎಂದು ಇವನು ಅವನಿಗೆ ಹೇಳಿದ, ಅವನು ಇವನಿಗೆ ಹೇಳಿದ. ಗೆರೆಯನ್ನು ಅಳಿಸಿ ಮತ್ತೆ ಎಳೆದರು. ಮೆಚ್ಚುವವರು ಆ ಚರ್ಚೆಯನ್ನೂ ಸ್ವಲ್ಪ ಹೊತ್ತು ಮೆಚ್ಚಿ, ಬಟ್ಟೆ ಒಗೆಸಿಕೊಳ್ಳಲು ಹೊರಟುಹೋದರು. ಸಾವಿರ ಕೈ ಸೇರಿ ತಳ್ಳಿದರೂ ಕಲ್ಲು ಕದಲಲಿಲ್ಲ. ಅದು ತಲೆಯನ್ನು ಮಾತ್ರ ಬಲ್ಲ ಕಲ್ಲು.

ಒರತೆ ಕೆಂಪಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಗುಡ್ಡದ ಹೆಂಗಸರು ಕೊಡ ಹೊತ್ತು ಆಚೆಯ ಹಳ್ಳಕ್ಕೆ ಹೋಗತೊಡಗಿದರು. ದಾರಿ ಉದ್ದ, ಬಿಸಿಲು ಜೋರು, ಕೊಡ ತುಳುಕಿ ಅರ್ಧವೇ ಮನೆ ಮುಟ್ಟುತ್ತಿತ್ತು. ಕೆಂಪು ನೀರನ್ನೇ ಕುಡಿದ ಕೆಲವರು ಹೊಟ್ಟೆನೋವಿನಿಂದ ಮಲಗಿದರು, ಒಬ್ಬಿಬ್ಬರು ಸಿಂಬಿ ಹೆಣೆಯುವವಳನ್ನು ಶಪಿಸಿದರು. ಅವಳು ಶಾಪವನ್ನು ಕೇಳಿಸಿಕೊಂಡು, ಶಪಿಸಿದವರ ಮನೆಯ ಕೊಡವನ್ನೂ ತುಂಬಿ ತಂದಳು. ಹಾರೆಗಳು ಮಾತ್ರ ಸುಮ್ಮನಿದ್ದವು. ಸಾಗಿಸಲಾರದ ಮಣ್ಣನ್ನು ಅಗೆಯುವವರು ಯಾರು? ಗುಂಡಿ ಬೆಳೆಯಲಿಲ್ಲ, ಕಲ್ಲು ಬೆಳೆಯಲಿಲ್ಲ.

ಮಗಳು ಅಂಗಳದಲ್ಲಿ ಅಂಗಾತ ಮಲಗಿದ್ದಳು. ಬಹುಕಾಲ ಅವಳ ಕತ್ತು ಯಾವ ಕಡೆಗೂ ತಿರುಗಲಿಲ್ಲ. ತಾಯಿ ಬೆಚ್ಚಗಿನ ಎಣ್ಣೆ ಹಚ್ಚಿದಳು. ಒಂದು ದಿನ ಎಡಕ್ಕೆ ಸ್ವಲ್ಪ ತಿರುಗಿತು, ಅವಳು ಗೋಡೆ ನೋಡಿದಳು. ಇನ್ನೊಂದು ದಿನ ಬಲಕ್ಕೆ ತಿರುಗಿತು, ತಾಯಿಯನ್ನು ನೋಡಿದಳು.

"ಎಷ್ಟು ಮುದುಕಿ ಆಗಿದೀಯ ಅವ್ವ," ಎಂದಳು.

"ನೀನು ಮೇಲೆ ನೋಡದೆ ಎಷ್ಟು ಕಾಲ ಆಯ್ತು ಅನ್ನೋದು ಮರ್ತೀಯಾ?"

ಆ ಹೊತ್ತಿಗೆ ಹೊಣೆಯ ಅಧಿಕಾರಿ ಬಂದ. ಕೈಯಲ್ಲಿ ರೇಷ್ಮೆಯ ಸಿಂಬಿಯಿತ್ತು. ಅದಕ್ಕೆ ಬಂಗಾರದ ಕುಚ್ಚುಗಳಿದ್ದವು.

"ತಂಗಿ, ಕಲ್ಲು ನಿನ್ನನ್ನು ನೆನೆಯುತ್ತಿದೆ. ಊರಿನ ನೀರಿಗಾಗಿ ಎಂದಾದರೂ ಬಾ. ಹೊರುತ್ತೀಯಾ?"

ಮೊದಲ ಪ್ರಶ್ನೆಗೆ ಕೊಡಬೇಕಾದ ಉತ್ತರ ಯಾವುದೆಂದು ಮಗಳಿಗೆ ಗೊತ್ತಿತ್ತು. ಅವಳು ಬಾಯಿ ತೆರೆಯಲಿಲ್ಲ. ತಲೆಯ ಮೇಲೆ ಕಲ್ಲಿರುವವರಿಂದ ಆಗದ ಒಂದು ಕೆಲಸವನ್ನು ಮಾಡಿದಳು. ತಲೆಯನ್ನು ಎಡಕ್ಕೆ ಆಡಿಸಿದಳು, ಬಲಕ್ಕೆ ಆಡಿಸಿದಳು.

ಅಧಿಕಾರಿಯ ನಗು ಒಂದು ಗಳಿಗೆ ದಾರಿ ತಪ್ಪಿತು. ನಂತರ ಅವನು ಎರಡನೆಯ ಸಲ ಕೇಳಿದ.

ಅವಳು ಎರಡನೆಯ ಸಲವೂ ಹಾಗೆಯೇ ತಲೆಯಾಡಿಸಿದಳು.

ಅವನು ಮರುದಿನ ಬಂದು ಕೇಳಿದ. ಕಡಲಾಚೆಯ ಒಡೆಯ ಬಂದು ಕೇಳಿದ, ಕಡಲೀಚೆಯ ಒಡೆಯ ಬಂದು ಕೇಳಿದ, ಚಾಪೆಯ ಮೇಲೆ ಕುಳಿತು ನೀರನ್ನೂ ಬೇಡಿ ಕುಡಿದು ಕೇಳಿದರು. ಹೌದು ಎಂಬ ಮಾತಿಗೆ ಒಂದೇ ಸಲ ಕೇಳಿ ಕುರ್ಚಿ ಮಡಿಸಿದವರು, ಇಲ್ಲ ಎಂಬ ಮಾತನ್ನು ಇಂದಿಗೂ ಕೇಳುತ್ತಲೇ ಇದ್ದಾರೆ. ಮೊದಮೊದಲು ತಲೆಯಾಡಿಸುವಾಗ ಅವಳ ಕತ್ತಿನಲ್ಲಿ ಒಣ ಕಡ್ಡಿ ಮುರಿದಂತೆ ಸದ್ದಾಗುತ್ತಿತ್ತಂತೆ. ಈಗ ಆಗುವುದಿಲ್ಲವಂತೆ. ಕೇಳಿ ಕೇಳಿ ಅವರೇ ಅವಳ ಕತ್ತನ್ನು ಪಳಗಿಸಿದರು.

ನನಗೆ ಬರೆಯಲು ಬಂದದ್ದು ಇಷ್ಟೇ. ಅಕ್ಷರ ತಪ್ಪಿದ್ದರೆ, ಮಾತು ಹೆಚ್ಚಾಗಿದ್ದರೆ, ದೊಡ್ಡವರ ಮನಸ್ಸಿಗೆ ನೋವಾಗಿದ್ದರೆ, ಓದಿದವರು ದಯವಿಟ್ಟು ಕ್ಷಮಿಸಿ.